ದೇವರ ಪ್ರೀತಿ ಎಲ್ಲರಿಗಾ, ಆರಿಸಿಕೊಂಡವರಿಗಷ್ಟೇನಾ? ಕ್ಯಾಲ್ವಿನಿಸ್ಟರ ಮನೆಯೊಳಗಿನ ಜಗಳ

"ದೇವರು ನಿಮ್ಮನ್ನು ಪ್ರೀತಿಸುತ್ತಾನೆ, ಯೇಸು ನಿಮಗಾಗಿ ಪ್ರಾಣ ಕೊಟ್ಟ." ಗುರುತು ಪರಿಚಯ ಇಲ್ಲದ ಯಾರಿಗೆ ಬೇಕಾದರೂ ಈ ಮಾತು ಹೇಳಬಹುದಾ? ಬಹಳಷ್ಟು ಕ್ರೈಸ್ತರಿಗೆ ಇದು ಪ್ರಶ್ನೆಯೇ ಅಲ್ಲ. ಸುವಾರ್ತೆಯ ಕರಪತ್ರ ಶುರುವಾಗುವುದೇ ಈ ಮಾತಿನಿಂದ. ಆದರೆ ಅಮೆರಿಕದ ಪ್ರೆಸ್ಬಿಟೇರಿಯನ್ ಪಾಸ್ಟರ್ ಜೇ ಆಡಮ್ಸ್ 1970ರಲ್ಲಿ ಇದಕ್ಕೆ ಉಲ್ಟಾ ಬರೆದರು. ಸಲಹೆ ಕೇಳಿ ಬಂದವರು ಇನ್ನೂ ನಂಬದವರಾಗಿದ್ದರೆ, "ಕ್ರಿಸ್ತ ನಿಮಗಾಗಿ ಸತ್ತ" ಅಂತ ಅವರಿಗೆ ಹೇಳಬಾರದು ಎಂದರು. ಯಾರಿಗಾಗಿ ಸತ್ತ ಅನ್ನೋದು ಕ್ರಿಸ್ತನೊಬ್ಬನಿಗೇ ಗೊತ್ತು, ಸಲಹೆ ಕೊಡುವವರಿಗೆ ಗೊತ್ತಿಲ್ಲ. ಅವರ ಕಾರಣ ಇಷ್ಟೇ.

ಕೇಳುವುದಕ್ಕೆ ಇದು ಕಟುಕತನ ಅನ್ನಿಸಬಹುದು. ಆಡಮ್ಸ್ ಮಾತ್ರ ತಮ್ಮ ಕ್ಯಾಲ್ವಿನಿಸಂ ಸಿದ್ಧಾಂತಕ್ಕೆ ಪ್ರಾಮಾಣಿಕವಾಗಿದ್ದರು ಅಷ್ಟೇ. ಯಾರಿಗೆ ರಕ್ಷಣೆ, ಅಂದರೆ ಪಾಪದ ಶಿಕ್ಷೆಯಿಂದ ಬಿಡುಗಡೆ, ಅಂತ ದೇವರೇ ಮೊದಲೇ ಆರಿಸಿಕೊಂಡಿದ್ದಾನೆ ಅನ್ನುವುದು ಅದರ ತಿರುಳು. ಶಿಲುಬೆಯ ಮೇಲಿನ ಸಾವು ಆರಿಸಿಕೊಂಡವರಿಗೆ ಮಾತ್ರ ಅಂತ ನಂಬಿದ ಮೇಲೆ, ಎದುರಿಗಿರುವವರು ಆ ಪಟ್ಟಿಯಲ್ಲಿ ಇದ್ದಾರೋ ಇಲ್ಲವೋ ತಿಳಿಯದೆ ಭರವಸೆ ಕೊಡುವುದು ಹೇಗೆ?

ಈ ಪ್ರಶ್ನೆ ಹಳೆಯದಾದರೂ ಕಳೆದ ಎರಡು ದಶಕಗಳಲ್ಲಿ ಮತ್ತೆ ಬಿಸಿಯಾಗಿದೆ. ಅಮೆರಿಕದ ಯುವ ಪಾಸ್ಟರುಗಳಲ್ಲಿ, ಸೆಮಿನರಿ ವಿದ್ಯಾರ್ಥಿಗಳಲ್ಲಿ ಕ್ಯಾಲ್ವಿನಿಸಂಗೆ ದೊಡ್ಡ ಅಲೆ ಎದ್ದಿತು. 2009ರಲ್ಲಿ ಟೈಮ್ ಪತ್ರಿಕೆ ಜಗತ್ತನ್ನು ಬದಲಿಸುತ್ತಿರುವ ಹತ್ತು ವಿಚಾರಗಳ ಪಟ್ಟಿ ಮಾಡಿದಾಗ ಅದರಲ್ಲಿ 'ಹೊಸ ಕ್ಯಾಲ್ವಿನಿಸಂ' ಕೂಡ ಇತ್ತು. ಅಲ್ಲಿನ ಅತಿ ದೊಡ್ಡ ಪ್ರಾಟೆಸ್ಟಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್‌ನಲ್ಲಿ ಇದು ನೇರ ಘರ್ಷಣೆಯಾಯಿತು. 2012ರಲ್ಲಿ ಕೆಲವು ಪಾಸ್ಟರುಗಳು ಸೇರಿ "ನಮ್ಮ ಸಾಂಪ್ರದಾಯಿಕ ನಂಬಿಕೆ ಇದು, ಕ್ಯಾಲ್ವಿನಿಸಂ ಅಲ್ಲ" ಅಂತ ಹೇಳಿಕೆ ಹೊರಡಿಸಿದರು. 2013ರಲ್ಲಿ ಎರಡೂ ಕಡೆಯವರಿದ್ದ ಸಮಿತಿಯೊಂದು ವರದಿ ಕೊಟ್ಟಿತು. ಭಿನ್ನಾಭಿಪ್ರಾಯ ನಿಜ, ಆದರೂ ಒಟ್ಟಿಗೆ ಇರೋಣ ಅನ್ನೋದು ಅದರ ಸಾರ.

ಈ ಜಗಳವನ್ನು ಸಾಮಾನ್ಯವಾಗಿ ಎರಡು ತಂಡಗಳ ಪಂದ್ಯದ ಹಾಗೆ ಹೇಳುತ್ತಾರೆ. ಒಂದು ಕಡೆ ಕ್ಯಾಲ್ವಿನಿಸ್ಟರು, ಇನ್ನೊಂದು ಕಡೆ ಕ್ರಿಸ್ತ ಎಲ್ಲರಿಗಾಗಿ ಸತ್ತ ಅನ್ನುವ ಆರ್ಮೀನಿಯನ್ನರು (ಆರ್ಮೀನಿಯಸ್ ಎಂಬ ಪಂಡಿತರ ಹಿಂಬಾಲಕರು). ನನಗೆ ಹಾಗನ್ನಿಸುವುದಿಲ್ಲ. ದೇವರ ಪ್ರೀತಿಯ ವಿಷಯದಲ್ಲಿ ಜೋರಾದ ಜಗಳ ಕ್ಯಾಲ್ವಿನಿಸ್ಟರ ಒಳಗೇ ನಡೆದಿದೆ. ಅಲ್ಲೇ ಸಭೆಗಳು (ಚರ್ಚ್‌ಗಳು) ಒಡೆದಿವೆ, ಅಲ್ಲೇ ನಂಬಿಕೆಯ ದಾಖಲೆಗಳನ್ನು ತಿದ್ದಿದ್ದಾರೆ.

ಮೊದಲು ಮೂಲಕ್ಕೆ ಹೋಗೋಣ. ಜಾನ್ ಕ್ಯಾಲ್ವಿನ್ ತೀರಿಕೊಂಡದ್ದು 1564ರಲ್ಲಿ, ಜಿನೀವಾದಲ್ಲಿ. ಇಂದು ಕ್ಯಾಲ್ವಿನಿಸಂನ 'ಐದು ಅಂಶಗಳು' ಅಂತ ಎಲ್ಲರೂ ಹೇಳುವುದನ್ನು ಅವರು ಬರೆದಿಡಲಿಲ್ಲ. ಅದು ಹುಟ್ಟಿದ್ದು ನೆದರ್ಲೆಂಡ್ಸ್‌ನಲ್ಲಿ. ಲೈಡನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಯಾಕೋಬಸ್ ಆರ್ಮೀನಿಯಸ್ 1609ರಲ್ಲಿ ತೀರಿಕೊಂಡರು. ಮರುವರ್ಷ ಅವರ ಹಿಂಬಾಲಕರು ಐದು ಅಂಶಗಳ ಮನವಿಯೊಂದನ್ನು ಸಲ್ಲಿಸಿದರು. ಯಾರು ನಂಬುತ್ತಾರೋ ಅವರನ್ನು ರಕ್ಷಿಸಬೇಕು ಅಂತ ದೇವರು ಮೊದಲೇ ನಿಶ್ಚಯಿಸಿದ, ಕ್ರಿಸ್ತ ಎಲ್ಲರಿಗಾಗಿ ಸತ್ತ, ಕೃಪೆಯನ್ನು ಮನುಷ್ಯ ತಳ್ಳಿಹಾಕಲೂ ಬಹುದು ಅನ್ನುವುದು ಅವರ ವಾದ. ಇದಕ್ಕೆ ಉತ್ತರ ಕೊಡಲು 1618–19ರಲ್ಲಿ ಡಾರ್ಟ್ ಪಟ್ಟಣದಲ್ಲಿ ಸಭಾ ಸಮ್ಮೇಳನ ಸೇರಿತು. ಅಲ್ಲಿ ಕೊಟ್ಟ ಉತ್ತರವೇ ಕ್ಯಾಲ್ವಿನಿಸಂನ 'ಐದು ಅಂಶ'ಗಳಿಗೆ ಮೂಲ. ಮನವಿ ಸಲ್ಲಿಸಿದವರ ಪಕ್ಷ ಸೋತಿತು.

ಸೋಲು ಬರೀ ದೇವಶಾಸ್ತ್ರದ್ದಾಗಿರಲಿಲ್ಲ. ಆ ಪಕ್ಷಕ್ಕೆ ಆಸರೆಯಾಗಿದ್ದ ಹಿರಿಯ ರಾಜಕಾರಣಿ ಓಲ್ಡನ್‌ಬಾರ್ನೆವೆಲ್ಟ್ ಅವರ ತಲೆಯನ್ನು 1619ರ ಮೇ ತಿಂಗಳಲ್ಲಿ ಕಡಿದರು. ಕಾನೂನು ಪಂಡಿತ ಹ್ಯೂಗೋ ಗ್ರೋಷಿಯಸ್‌ಗೆ ಜೀವಾವಧಿ ಸೆರೆ. ಎರಡು ವರ್ಷದ ನಂತರ ಅವರು ಪುಸ್ತಕದ ಪೆಟ್ಟಿಗೆಯೊಳಗೆ ಅಡಗಿ ತಪ್ಪಿಸಿಕೊಂಡರು. ಪ್ರೀತಿಯ ವ್ಯಾಪ್ತಿ ಎಷ್ಟು ಅನ್ನುವ ಚರ್ಚೆ ಮುಗಿದ ಬಗೆ ಇದು!

ಡಾರ್ಟ್ ನಿಜವಾಗಿ ಏನು ಹೇಳಿತು ಅಂತ ಓದಿದರೆ ಒಂದು ಅಚ್ಚರಿ ಕಾದಿದೆ. ಕ್ರಿಸ್ತನ ಮರಣಕ್ಕೆ ಕೊನೆಯಿಲ್ಲದ ಬೆಲೆ ಇದೆ, ಇಡೀ ಲೋಕದ ಪಾಪಕ್ಕೆ ಪ್ರಾಯಶ್ಚಿತ್ತವಾಗಲು ಅದು ಬೇಕಾದಷ್ಟು ಸಾಕು ಅನ್ನುತ್ತದೆ ಆ ದಾಖಲೆ. ನಂಬಿದವರು ನಾಶವಾಗುವುದಿಲ್ಲ ಅನ್ನುವ ವಾಗ್ದಾನವನ್ನು ಎಲ್ಲರಿಗೂ ಸಾರಬೇಕು ಅಂತಲೂ ಹೇಳುತ್ತದೆ. ಅದರ ಬೆನ್ನಿಗೇ, ಆ ಮರಣ ನಿಜವಾಗಿ ಬಿಡುಗಡೆ ತರುವುದು ಆರಿಸಿಕೊಂಡವರಿಗೆ ಮಾತ್ರ ಅನ್ನುತ್ತದೆ. ಈ ಎರಡು ಮಾತು ಒಟ್ಟಿಗೆ ಇರುವುದಕ್ಕೆ ಕಾರಣ ಇದೆ. ಬ್ರಿಟನ್ನಿನಿಂದ ಬಂದ ಜಾನ್ ಡ್ಯಾವೆನೆಂಟ್, ಬ್ರೆಮೆನ್‌ನಿಂದ ಬಂದ ಮಾರ್ಟೀನಿಯಸ್ ತರಹದ ಪ್ರತಿನಿಧಿಗಳು ಕ್ರಿಸ್ತನ ಮರಣ ಒಂದು ಅರ್ಥದಲ್ಲಿ ಎಲ್ಲರಿಗಾಗಿ ಅಂತ ಪಟ್ಟು ಹಿಡಿದಿದ್ದರು. ಅಂದರೆ ಕ್ಯಾಲ್ವಿನಿಸಂನ ಗಡಿಕಲ್ಲು ನೆಟ್ಟ ದಿನವೇ ಅದರ ಒಳಗಿನವರಿಗೆ ಒಮ್ಮತ ಇರಲಿಲ್ಲ. ಸ್ವಲ್ಪ ಸಮಯದ ನಂತರ ಫ್ರಾನ್ಸಿನ ಸೋಮ್ಯೂರ್‌ನಲ್ಲಿ ಮೋಯಿಸ್ ಆಮಿರೋ ಇದೇ ಎಳೆ ಹಿಡಿದು ಹೊರಟರು. ನಂಬುವುದಾದರೆ ಎಲ್ಲರಿಗೂ ರಕ್ಷಣೆ ಅಂತ ದೇವರು ಬಯಸಿದ, ಆದರೆ ಯಾರೂ ತಾವಾಗಿ ನಂಬುವುದಿಲ್ಲವಾದ್ದರಿಂದ ಕೆಲವರಿಗೆ ನಂಬಿಕೆಯನ್ನೇ ಕೊಟ್ಟ ಅಂದರು.

ಕ್ಯಾಲ್ವಿನ್ ಅವರಲ್ಲೂ ಈ ಎಳೆದಾಟ ಕಾಣುತ್ತದೆ. "ದೇವರು ಲೋಕದ ಮೇಲೆ ಎಷ್ಟೋ ಪ್ರೀತಿಯನ್ನಿಟ್ಟು" ಅನ್ನುವ ಯೋಹಾನ 3:16ಕ್ಕೆ ವ್ಯಾಖ್ಯಾನ ಬರೆಯುವಾಗ, ಯಾರನ್ನೂ ಬಿಡದೆ ಎಲ್ಲರನ್ನೂ ಕರೆಯುವುದರಲ್ಲಿ ದೇವರು ಇಡೀ ಲೋಕಕ್ಕೆ ದಯೆ ತೋರುತ್ತಾನೆ ಅಂದರು. ಎಲ್ಲಾ ಮನುಷ್ಯರು ರಕ್ಷಣೆ ಹೊಂದಬೇಕೆಂದು ದೇವರು ಬಯಸುತ್ತಾನೆ ಅನ್ನುವ 1 ತಿಮೊಥೆಯ 2:4ಕ್ಕೆ ಬಂದಾಗ, ಇಲ್ಲಿ ಮಾತು ಎಲ್ಲಾ ಬಗೆಯ ಜನರ ಬಗ್ಗೆ, ಒಬ್ಬೊಬ್ಬರ ಬಗ್ಗೆ ಅಲ್ಲ ಅಂದರು.

ಬೈಬಲ್ಲಿನ ವಚನಗಳೇ ಎರಡೂ ಕಡೆ ಎಳೆಯುತ್ತವೆ. ದುಷ್ಟನ ಸಾವಿನಲ್ಲಿ ತನಗೆ ಸಂತೋಷವಿಲ್ಲ ಅಂತ ಯೆಹೆಜ್ಕೇಲನಲ್ಲಿ ದೇವರು ಹೇಳುತ್ತಾನೆ. ಕ್ರಿಸ್ತ ನಮ್ಮ ಪಾಪಕ್ಕೆ ಮಾತ್ರವಲ್ಲ, ಇಡೀ ಲೋಕದ ಪಾಪಕ್ಕೆ ಪ್ರಾಯಶ್ಚಿತ್ತ ಅಂತ 1 ಯೋಹಾನ 2:2ರಲ್ಲಿದೆ. ಇನ್ನೊಂದು ಕಡೆ, ತಂದೆ ಎಳೆಯದೆ ಯಾರೂ ನನ್ನ ಬಳಿಗೆ ಬರಲಾರರು ಅಂತ ಯೇಸುವೇ ಹೇಳುತ್ತಾನೆ. ರೋಮಾಪುರದವರಿಗೆ ಬರೆದ ಪತ್ರದ 9ನೇ ಅಧ್ಯಾಯದಲ್ಲಿ ಯಾಕೋಬ, ಏಸಾವ ಇನ್ನೂ ಹುಟ್ಟೇ ಇರಲಿಲ್ಲ, ಒಳ್ಳೆಯದನ್ನೋ ಕೆಟ್ಟದ್ದನ್ನೋ ಮಾಡಿರಲಿಲ್ಲ, ಆದರೂ ಆಯ್ಕೆ ಆಗಿಹೋಗಿತ್ತು ಅಂತ ಪೌಲ ಬರೆಯುತ್ತಾನೆ. ಆ ಅಧ್ಯಾಯದ ಮಾತು ಒಬ್ಬೊಬ್ಬರ ರಕ್ಷಣೆಯ ಬಗ್ಗೆ ಅಲ್ಲ, ಜನಾಂಗಗಳ ಪಾತ್ರದ ಬಗ್ಗೆ ಅಂತ ಆರ್ಮೀನಿಯನ್ನರು ಹೇಳುತ್ತಾರೆ. ಸ್ವಲ್ಪ ಮಟ್ಟಿಗೆ ಒಪ್ಪಬಹುದು. ಆದರೆ "ಹಾಗಾದರೆ ದೇವರು ತಪ್ಪು ಹಿಡಿಯುವುದು ಯಾಕೆ?" ಅನ್ನುವ ಆಕ್ಷೇಪವನ್ನು ಪೌಲನೇ ಎತ್ತಿಕೊಳ್ಳುತ್ತಾನಲ್ಲ, ಅದು ಕ್ಯಾಲ್ವಿನಿಸ್ಟರಿಗೆ ಕೇಳುವ ಪ್ರಶ್ನೆಯ ಹಾಗೇ ಇದೆ. ಅವರ ಬಲ ಇರುವುದು ಇಲ್ಲೇ.

ಅವರ ಇನ್ನೊಂದು ಬಲ ತರ್ಕ. ಇಂಗ್ಲೆಂಡಿನ ಪ್ಯೂರಿಟನ್ (ಕಟ್ಟುನಿಟ್ಟಿನ ಪ್ರಾಟೆಸ್ಟಂಟ್) ದೇವಶಾಸ್ತ್ರಜ್ಞ ಜಾನ್ ಓವೆನ್ 1640ರ ದಶಕದ ಕೊನೆಯಲ್ಲಿ ಒಂದು ಇಕ್ಕಟ್ಟಿನ ಪ್ರಶ್ನೆ ಹಾಕಿದರು. ಇವತ್ತಿಗೂ ಚರ್ಚೆಗಳಲ್ಲಿ ಅದು ಬರುತ್ತದೆ. ಕ್ರಿಸ್ತ ಎಲ್ಲರ ಎಲ್ಲಾ ಪಾಪಕ್ಕೂ ಬೆಲೆ ತೆತ್ತನೋ, ಕೆಲವರ ಎಲ್ಲಾ ಪಾಪಕ್ಕೋ, ಎಲ್ಲರ ಕೆಲವು ಪಾಪಕ್ಕೋ? ಮೂರನೆಯದಾದರೆ ಬೆಲೆ ತೆರದೆ ಉಳಿದ ಪಾಪದಿಂದಾಗಿ ಯಾರಿಗೂ ರಕ್ಷಣೆ ಇಲ್ಲ. ಮೊದಲನೆಯದಾದರೆ ಎಲ್ಲರೂ ಯಾಕೆ ಬಿಡುಗಡೆ ಆಗಲಿಲ್ಲ? "ನಂಬಲಿಲ್ಲ, ಅದಕ್ಕೆ" ಅಂದರೆ ಓವೆನ್ ಮತ್ತೆ ಕೇಳುತ್ತಾರೆ: ನಂಬದಿರುವುದು ಪಾಪವೋ ಅಲ್ಲವೋ? ಪಾಪವಾದರೆ ಅದಕ್ಕೂ ಬೆಲೆ ತೆತ್ತಾಗಿದೆ. ಪಾಪ ಅಲ್ಲದಿದ್ದರೆ ಅದಕ್ಕೆ ಶಿಕ್ಷೆ ಯಾಕೆ? ಹಾಗಾಗಿ ಉಳಿಯುವುದು ಎರಡನೆಯದೇ.

ಜಾಣ ವಾದ. ಆದರೆ ಇದು ನಿಂತಿರುವುದು ಒಂದು ಲೆಕ್ಕದ ಮೇಲೆ. ಶಿಲುಬೆಯನ್ನು ಸಾಲ ತೀರಿಸಿದ ಹಾಗೆ ನೋಡಿದರೆ, ತೀರಿದ ಸಾಲವನ್ನು ಮತ್ತೆ ವಸೂಲಿ ಮಾಡುವಂತಿಲ್ಲ. ಹಾಗೆ ನೋಡಿದರೆ ಇನ್ನೊಂದು ತೊಡಕೂ ಇದೆ. ಆರಿಸಿಕೊಂಡವರ ಸಾಲ ಶಿಲುಬೆಯ ದಿನವೇ ತೀರಿದ್ದರೆ, ಅವರು ನಂಬುವ ತನಕ ದೇವರ ಕೋಪಕ್ಕೆ ಒಳಗಾಗಿದ್ದರು ಅಂತ ಪೌಲ ಎಫೆಸದವರಿಗೆ ಬರೆದದ್ದು ಯಾಕೆ? ಈ ಪ್ರಶ್ನೆ ಎತ್ತಿದವರು ಕ್ಯಾಲ್ವಿನಿಸ್ಟರಲ್ಲೂ ಇದ್ದಾರೆ.

ಸರಿ, ಶಿಲುಬೆ ಕೆಲವರಿಗಾಗಿ ಅಂತಲೇ ಇಟ್ಟುಕೊಳ್ಳೋಣ. ಹಾಗಾದರೆ ಉಳಿದವರ ಮೇಲೆ ದೇವರಿಗೆ ಪ್ರೀತಿ ಇದೆಯಾ? ಕ್ಯಾಲ್ವಿನಿಸ್ಟರು ಒಬ್ಬರಿಗೊಬ್ಬರು ಬೆನ್ನು ತಿರುಗಿಸಿದ್ದು ಈ ಜಾಗದಲ್ಲಿ.

ಬಹುಪಾಲು ಜನರ ಉತ್ತರ "ಇದೆ, ಆದರೆ ಬೇರೆ ಬಗೆಯದು." ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ದೇವರು ಬಿಸಿಲು ಬರಿಸುತ್ತಾನೆ, ಮಳೆ ಸುರಿಸುತ್ತಾನೆ ಅಂತ ಮತ್ತಾಯ 5ರಲ್ಲಿ ಇದೆಯಲ್ಲ, ಅದನ್ನು ತೋರಿಸುತ್ತಾರೆ. ಆಸ್ತಿ ಬಿಡಲಾರದೆ ಮುಖ ಬಾಡಿಸಿಕೊಂಡು ಹೊರಟುಹೋದ ಶ್ರೀಮಂತನನ್ನು ಯೇಸು ದೃಷ್ಟಿಸಿ ನೋಡಿ ಪ್ರೀತಿಸಿದ ಅಂತ ಮಾರ್ಕ 10ರಲ್ಲಿ ಇದೆ. ಬೈಬಲ್ ದೇವರ ಪ್ರೀತಿಯ ಬಗ್ಗೆ ಐದು ಬೇರೆ ಬೇರೆ ರೀತಿಯಲ್ಲಿ ಮಾತಾಡುತ್ತದೆ, ಎಲ್ಲವನ್ನೂ ಒಂದೇ ಮಾಡಬೇಡಿ ಅನ್ನುತ್ತಾರೆ ಬೈಬಲ್ ವಿದ್ವಾಂಸ ಡಿ. ಎ. ಕಾರ್ಸನ್. ಅಮೆರಿಕದ ಪಾಸ್ಟರ್ ಜಾನ್ ಪೈಪರ್ 1995ರ ಲೇಖನವೊಂದರಲ್ಲಿ ದೇವರಲ್ಲಿ ಎರಡು ಬಗೆಯ ಚಿತ್ತ ಇದೆ ಅಂತ ವಾದಿಸಿದರು. ಕೊಲೆ ಮಾಡಬೇಡಿ ಅನ್ನುವುದು ದೇವರ ಚಿತ್ತ. ಯೇಸುವಿನ ಕೊಲೆ ನಡೆಯಬೇಕು ಅನ್ನುವುದೂ ದೇವರ ಚಿತ್ತವೇ ಆಗಿತ್ತಲ್ಲ? ಹಾಗೆಯೇ ಎಲ್ಲರೂ ಉಳಿಯಲಿ ಅನ್ನುವ ಬಯಕೆಯೂ ಇರಬಹುದು, ಎಲ್ಲರನ್ನೂ ಉಳಿಸುವುದಿಲ್ಲ ಅನ್ನುವ ತೀರ್ಮಾನವೂ ಇರಬಹುದು.

ಇನ್ನು ಕೆಲವರ ಉತ್ತರ ಸೀದಾ "ಇಲ್ಲ." ಇವರಲ್ಲಿ ಮುಖ್ಯರು ಮಿಷಿಗನ್‌ನ ಗ್ರ್ಯಾಂಡ್ ರ್‍ಯಾಪಿಡ್ಸ್‌ನಲ್ಲಿ ಪಾಸ್ಟರ್ ಆಗಿದ್ದ ಹರ್ಮನ್ ಹೂಕ್ಸೆಮಾ. ಇವರ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1924ರಲ್ಲಿ ಅವರ ಕ್ರಿಶ್ಚಿಯನ್ ರಿಫಾರ್ಮ್ಡ್ ಚರ್ಚ್ ಕ್ಯಾಲಮಜೂನಲ್ಲಿ ಸಮ್ಮೇಳನ ಸೇರಿ 'ಸಾಮಾನ್ಯ ಕೃಪೆ' ಬಗ್ಗೆ ಮೂರು ಅಂಶ ಅಂಗೀಕರಿಸಿತು. ರಕ್ಷಿಸುವ ಕೃಪೆ ಆರಿಸಿಕೊಂಡವರಿಗೆ ಮಾತ್ರ, ಆದರೆ ಎಲ್ಲರ ಮೇಲೂ ದೇವರಿಗೆ ಒಂದು ಒಲವು ಇದೆ, ಸುವಾರ್ತೆಯನ್ನು ಎಲ್ಲರಿಗೂ ನೀಡುವುದೇ ಅದಕ್ಕೆ ಗುರುತು ಅನ್ನುವುದು ಮೊದಲ ಅಂಶ. ಹೂಕ್ಸೆಮಾ ಒಪ್ಪಲಿಲ್ಲ. ಅನಾದಿಯಿಂದ ಒಬ್ಬನನ್ನು ತಳ್ಳಿಬಿಟ್ಟು, ಅವನ ಜೀವಮಾನದಲ್ಲಿ ಮಾತ್ರ ಒಲವು ತೋರುವ ದೇವರಿಗೆ ಎರಡು ಮನಸ್ಸಾ? ದುಷ್ಟರನ್ನು ಜಾರುವ ನೆಲದ ಮೇಲೆ ನಿಲ್ಲಿಸಿದ್ದೀ ಅಂತ 73ನೇ ಕೀರ್ತನೆ ಹೇಳುತ್ತದಲ್ಲ? ಮಳೆ, ಬೆಳೆ, ಆರೋಗ್ಯ ಎಲ್ಲಾ ಕೊಟ್ಟದ್ದರಿಂದ ಅವರ ಅಪರಾಧ ಜಾಸ್ತಿಯಾಯಿತೇ ಹೊರತು ಅದು ಪ್ರೀತಿಯಲ್ಲ ಅಂತ ವಾದಿಸಿದರು. ಅವರನ್ನು ಹುದ್ದೆಯಿಂದ ತೆಗೆದರು. ಅವರ ಜೊತೆ ಹೊರಟವರು ಪ್ರಾಟೆಸ್ಟಂಟ್ ರಿಫಾರ್ಮ್ಡ್ ಚರ್ಚಸ್ ಕಟ್ಟಿಕೊಂಡರು. ಆ ಪಂಗಡ ಇವತ್ತಿಗೂ ಇದೆ, ಅದೇ ನಿಲುವಿಗೆ ಅಂಟಿಕೊಂಡಿದೆ.

ಹೊರಗಿನಿಂದ ಕ್ಯಾಲ್ವಿನಿಸಂ ಟೀಕಿಸುವವರು ಹೂಕ್ಸೆಮಾ ಅವರನ್ನು ಓದಿದರೆ ಬೆಚ್ಚಿಬೀಳುತ್ತಾರೆ. ನನಗೆ ಅವರ ಮೇಲೆ ಒಂದು ಬಗೆಯ ಗೌರವ ಇದೆ. ತಮ್ಮ ತರ್ಕ ಕರೆದುಕೊಂಡು ಹೋದಲ್ಲಿಗೆ ಹೋದರು, ಮಧ್ಯದಲ್ಲಿ ಇಳಿಯಲಿಲ್ಲ. ಆದರೆ ಅಲ್ಲಿಗೆ ಹೋಗಲು ಮತ್ತಾಯ 5ರ ಅಂಚನ್ನು ಸವೆಸಬೇಕಾಯಿತು. ಬಿಸಿಲು, ಮಳೆಯ ಮಾತು ಅಲ್ಲಿ ಬರುವುದು "ನಿಮ್ಮ ವೈರಿಗಳನ್ನು ಪ್ರೀತಿಸಿರಿ" ಅನ್ನುವ ಆಜ್ಞೆಗೆ ಕಾರಣವಾಗಿ. ತಂದೆ ವೈರಿಗಳನ್ನು ಪ್ರೀತಿಸುವುದಿಲ್ಲ, ಮಕ್ಕಳು ಮಾತ್ರ ಪ್ರೀತಿಸಬೇಕು ಅಂತಾದರೆ ಆ ಮಾತಿಗೆ ತಳವೇ ಇರುವುದಿಲ್ಲ.

ಇನ್ನೊಂದು ತುದಿಯಿಂದಲೂ ಒತ್ತಡ ಬಂತು. ಇಂಗ್ಲಿಷ್ ಮಾತಾಡುವ ಪ್ರೆಸ್ಬಿಟೇರಿಯನ್ನರ ಮೂಲ ದಾಖಲೆ 1640ರ ದಶಕದ ವೆಸ್ಟ್‌ಮಿನ್‌ಸ್ಟರ್ ನಂಬಿಕೆಯ ಅರಿಕೆ. ಅದರಲ್ಲಿ 33 ಅಧ್ಯಾಯ. ಯಾರಿಗೆ ರಕ್ಷಣೆ ಅಂತ ಅನಾದಿಯಲ್ಲೇ ಮಾಡಿದ ದೇವರ ನಿತ್ಯ ತೀರ್ಮಾನಕ್ಕೆ ಒಂದು ಅಧ್ಯಾಯ ಇದೆ, ದೇವರ ಪ್ರೀತಿಗೆ ಅಂತ ಪ್ರತ್ಯೇಕ ಅಧ್ಯಾಯ ಇಲ್ಲ. ಸತ್ತ ಮಕ್ಕಳ ಬಗ್ಗೆ ಅದರ ಮಾತು ಇನ್ನೂ ಚುಚ್ಚುತ್ತಿತ್ತು. "ಆರಿಸಿಕೊಂಡ ಶಿಶುಗಳು" ಸತ್ತರೆ ರಕ್ಷಣೆ ಹೊಂದುತ್ತಾರೆ ಅಂತ ಅಲ್ಲಿ ಬರೆದಿತ್ತು. ಹಾಗಾದರೆ ಆರಿಸಿಕೊಳ್ಳದ ಶಿಶುಗಳೂ ಇದ್ದಾರಾ? ಮಗು ಕಳೆದುಕೊಂಡ ತಾಯಿಯ ಮುಂದೆ ಕೂತ ಪಾಸ್ಟರಿಗೆ ಇದಕ್ಕೆ ಏನು ಉತ್ತರ ಇದ್ದೀತು? 1810ರಲ್ಲೇ ಅಮೆರಿಕದ ಗಡಿನಾಡಿನ ಒಂದು ಗುಂಪು, ಈ ಅರಿಕೆಯಲ್ಲಿ ಎಲ್ಲವೂ ಹಣೆಬರಹ ಅನ್ನುವ ವಾಸನೆ ಇದೆ ಅಂತ ಹೇಳಿ ಕಂಬರ್ಲೆಂಡ್ ಪ್ರೆಸ್ಬಿಟೇರಿಯನ್ ಚರ್ಚ್ ಆಗಿ ಬೇರೆಯಾಗಿತ್ತು. 1879ರಲ್ಲಿ ಸ್ಕಾಟ್ಲೆಂಡಿನ ಯುನೈಟೆಡ್ ಪ್ರೆಸ್ಬಿಟೇರಿಯನ್ನರು ವಿವರಣೆಯ ಕಾಯಿದೆಯೊಂದನ್ನು ತಂದು ಬಿಗಿ ಸಡಿಲಿಸಿದರು.

ಕೊನೆಗೆ 1903ರಲ್ಲಿ ಅಮೆರಿಕದ ಉತ್ತರದ ಪ್ರೆಸ್ಬಿಟೇರಿಯನ್ ಚರ್ಚ್ ಅರಿಕೆಯನ್ನೇ ತಿದ್ದಿತು. ದೇವರ ಪ್ರೀತಿ ಮತ್ತು ಮಿಷನ್ ಬಗ್ಗೆ ಹೊಸ ಅಧ್ಯಾಯ ಸೇರಿತು. ನಿತ್ಯ ತೀರ್ಮಾನದ ಬೋಧನೆಯನ್ನು ಎಲ್ಲಾ ಮನುಷ್ಯರ ಮೇಲಿನ ದೇವರ ಪ್ರೀತಿಯೊಂದಿಗೆ ಹೊಂದಿಸಿಯೇ ಹಿಡಿಯುತ್ತೇವೆ, ಶಿಶುವಾಗಿದ್ದಾಗ ಸತ್ತವರೆಲ್ಲರೂ ಆಯ್ಕೆಯೊಳಗೆ ಇದ್ದಾರೆ ಅಂತ ನಂಬುತ್ತೇವೆ ಎಂಬ ಪ್ರಕಟಣೆಯೂ ಬಂತು. ಪ್ರಿನ್ಸ್‌ಟನ್‌ನ ದೇವಶಾಸ್ತ್ರದ ಪ್ರೊಫೆಸರ್ ಬಿ. ಬಿ. ವಾರ್ಫೀಲ್ಡ್ ಅರಿಕೆ ತಿದ್ದುವುದನ್ನೇ ವಿರೋಧಿಸುತ್ತಾ ಬಂದಿದ್ದರು. ಆದರೆ ತಿದ್ದುಪಡಿ ನಿಂತಿತು. 1906ರಲ್ಲಿ ಕಂಬರ್ಲೆಂಡ್‌ನವರಲ್ಲಿ ಬಹಳಷ್ಟು ಜನ ವಾಪಸ್ ಬಂದರು. ಹೊಂದಿಸಿ ಹಿಡಿಯುತ್ತೇವೆ ಅಂದರು, ಹೇಗೆ ಹೊಂದುತ್ತದೆ ಅಂತ ಹೇಳಲಿಲ್ಲ. ಸಮ್ಮೇಳನಗಳ ಭಾಷೆಯೇ ಹಾಗೆ ಬಿಡಿ.

ಆಯ್ಕೆ ಕೆಲವರದ್ದೇ, ಆದರೂ ಪ್ರೀತಿ ಎಲ್ಲರ ಮೇಲೆ ಅನ್ನುವ ಈ ಮಧ್ಯದ ನಿಲುವಿನ ಮೇಲೆಯೇ ಆರ್ಮೀನಿಯನ್ನರ ದಾಳಿ ಬೀಳುತ್ತದೆ. ಮೆಥೊಡಿಸ್ಟ್ ಪಂಗಡದ ಮೂಲಪುರುಷ ಜಾನ್ ವೆಸ್ಲಿ 1739ರಲ್ಲಿ ಬ್ರಿಸ್ಟಲ್‌ನಲ್ಲಿ ಮಾಡಿದ ಪ್ರಸಂಗದಲ್ಲಿ, ದೇವರು ಕೆಲವರನ್ನು ಮಾತ್ರ ಮೊದಲೇ ಆರಿಸಿಕೊಂಡ ಅನ್ನುವ ಬೋಧನೆ ದೇವರನ್ನು ಸೈತಾನನಿಗಿಂತ ಕೆಟ್ಟವನಾಗಿ ತೋರಿಸುತ್ತದೆ ಅಂದರು. ಗೆಳೆಯ ಜಾರ್ಜ್ ವಿಟ್‌ಫೀಲ್ಡ್ 1740ರ ಡಿಸೆಂಬರಿನಲ್ಲಿ ಜಾರ್ಜಿಯಾದಿಂದ ಉದ್ದದ ಉತ್ತರ ಬರೆದರು. ಯಾರು ಆರಿಸಿಕೊಂಡವರು ಅಂತ ನಮಗೆ ಗೊತ್ತಿಲ್ಲ, ಅದಕ್ಕೇ ಎಲ್ಲರಿಗೂ ಸಾರುತ್ತೇವೆ ಅಂದರು. ಹಾಗೆ ನೋಡಿದರೆ ಸಾವಿರಾರು ಜನರ ಮುಂದೆ ಬಯಲಲ್ಲಿ ನಿಂತು ಕಣ್ಣೀರಿಟ್ಟು ಕರೆದವರು ಈ ಕ್ಯಾಲ್ವಿನಿಸ್ಟೇ. ಇಬ್ಬರ ನಡುವಿನ ಬಿರುಕು ಪೂರ್ತಿ ಮುಚ್ಚಲಿಲ್ಲ, ಆದರೂ 1770ರಲ್ಲಿ ವಿಟ್‌ಫೀಲ್ಡ್ ಸತ್ತಾಗ ಲಂಡನ್ನಿನಲ್ಲಿ ಸ್ಮರಣೆಯ ಪ್ರಸಂಗ ಮಾಡಿದವರು ವೆಸ್ಲಿ.

ನಮ್ಮ ಕಾಲದಲ್ಲಿ ಅಮೆರಿಕದ ತತ್ವಶಾಸ್ತ್ರಜ್ಞ ಜೆರ್ರಿ ವಾಲ್ಸ್ ಇದೇ ಆಕ್ಷೇಪವನ್ನು ಚೂಪು ಮಾಡಿದ್ದಾರೆ. ಒಬ್ಬರನ್ನು ನಿಜವಾಗಿ ಪ್ರೀತಿಸುವುದು ಅಂದರೆ ಅವರ ನಿಜವಾದ ಒಳಿತನ್ನು ಬಯಸುವುದು, ಕೈಲಾದದ್ದನ್ನು ಮಾಡುವುದು. ಕ್ಯಾಲ್ವಿನಿಸಂ ಪ್ರಕಾರ ದೇವರು ಯಾರ ಸ್ವಾತಂತ್ರ್ಯವನ್ನೂ ಮುರಿಯದೆ ಎಲ್ಲರ ಮನಸ್ಸನ್ನೂ ತಿರುಗಿಸಬಲ್ಲ. ಹಾಗಿದ್ದೂ ಕೆಲವರ ಮನಸ್ಸು ತಿರುಗಿಸದೆ ನಿತ್ಯ ನಾಶಕ್ಕೆ ಬಿಟ್ಟು, ಅವರಿಗೆ ಎಪ್ಪತ್ತು ವರ್ಷ ಮಳೆ ಬಿಸಿಲು ಕೊಟ್ಟೆ ಅಂದರೆ ಅದನ್ನು ಪ್ರೀತಿ ಅನ್ನಬಹುದಾ? ಪೈಪರ್ ತರಹದವರ ಉತ್ತರ, ದೇವರಿಗೆ ತನ್ನ ಮಹಿಮೆ ಪೂರ್ತಿಯಾಗಿ ಕಾಣುವಂತೆ ಮಾಡುವುದು ಇನ್ನೂ ದೊಡ್ಡ ಉದ್ದೇಶ, ಅದರಲ್ಲಿ ನ್ಯಾಯತೀರ್ಪೂ ಸೇರುತ್ತದೆ ಅನ್ನುವುದು. ನನ್ನ ಮಟ್ಟಿಗೆ ವಾಲ್ಸ್ ಅವರ ಏಟು ಬಿದ್ದಿದೆ. ಪ್ರೀತಿಯಲ್ಲಿ ಐದು ಬಗೆ ಇದೆ ಅಂತ ವಿಂಗಡಿಸಿದರೆ ಗೊಂದಲ ಕಡಿಮೆಯಾಗುತ್ತದೆ, ಆದರೆ ತಳ್ಳಿಹಾಕಲ್ಪಟ್ಟವನಿಗೆ ಸಿಕ್ಕ ಬಗೆ ಬಹಳ ತೆಳುವಾಗಿ ಉಳಿಯುತ್ತದೆ.

ಹಾಗಂತ ಆರ್ಮೀನಿಯನ್ನರು ಗೆದ್ದರು ಅಂದುಕೊಳ್ಳಬೇಡಿ. ಮುಂದೆ ಯಾರು ನಂಬುತ್ತಾರೆ, ಯಾರು ನಂಬುವುದಿಲ್ಲ ಅಂತ ದೇವರಿಗೆ ಮೊದಲೇ ಪೂರ್ತಿ ಗೊತ್ತು ಅಂತ ಅವರೂ ಒಪ್ಪುತ್ತಾರೆ. ಹಾಗಾದರೆ ಈ ವ್ಯಕ್ತಿ ಕೊನೆಗೆ ನಾಶವಾಗುತ್ತಾನೆ ಅಂತ ತಿಳಿದೂ ಅವನನ್ನು ಸೃಷ್ಟಿಸಿದ್ದು ಯಾಕೆ? "ಅವನ ಸ್ವಾತಂತ್ರ್ಯಕ್ಕಾಗಿ" ಅಂದರೆ, ಪ್ರೀತಿಗಿಂತ ಮೇಲೆ ಇನ್ನೊಂದನ್ನು ಇಟ್ಟ ಹಾಗಾಯಿತು. ಕ್ಯಾಲ್ವಿನಿಸ್ಟರು ಮಹಿಮೆಯನ್ನು ಇಟ್ಟ ಜಾಗದಲ್ಲಿ ಇವರು ಮನುಷ್ಯನ ಆಯ್ಕೆಯನ್ನು ಇಡುತ್ತಾರೆ. ಈ ಇಕ್ಕಟ್ಟಿನಿಂದ ಹೊರಬರಲು 1990ರ ದಶಕದಲ್ಲಿ ದೇವಶಾಸ್ತ್ರಜ್ಞ ಕ್ಲಾರ್ಕ್ ಪಿನಾಕ್ ಮೊದಲಾದವರು ಮನುಷ್ಯ ಮುಂದೆ ಮಾಡುವ ಆಯ್ಕೆಗಳು ಇನ್ನೂ ತೀರ್ಮಾನವಾಗಿಲ್ಲ, ದೇವರಿಗೂ ಅವು ಮೊದಲೇ ನಿಶ್ಚಿತವಾಗಿ ಗೊತ್ತಿಲ್ಲ ಅಂದರು. ಹೆಚ್ಚಿನ ಆರ್ಮೀನಿಯನ್ನರಿಗೆ ಅದು ನುಂಗಲಾರದ ತುತ್ತು. ಸ್ವಿಟ್ಜರ್ಲೆಂಡಿನ ದೇವಶಾಸ್ತ್ರಜ್ಞ ಕಾರ್ಲ್ ಬಾರ್ಟ್ 1942ರಲ್ಲಿ ಇಡೀ ಪ್ರಶ್ನೆಯನ್ನೇ ಬೇರೆ ಕಡೆ ತಿರುಗಿಸಿ, ದೇವರು ಆರಿಸಿದ್ದೂ ತಳ್ಳಿದ್ದೂ ಕ್ರಿಸ್ತನೊಬ್ಬನನ್ನೇ ಅಂದರು. ಹಾಗಾದರೆ ಎಲ್ಲರಿಗೂ ರಕ್ಷಣೆಯಾ ಅಂತ ಕೇಳಿದರೆ ಮಾತ್ರ ಹೌದು ಅನ್ನಲಿಲ್ಲ.

ಕ್ಯಾಥೊಲಿಕರಿಗೂ ಈ ತಲೆನೋವು ತಪ್ಪಲಿಲ್ಲ. ಡೊಮಿನಿಕನ್ನರು, ಜೆಸ್ವಿಟರು ಅನ್ನುವ ಎರಡು ಧಾರ್ಮಿಕ ಸಂಘಗಳವರು ಕೃಪೆಯ ಬಗ್ಗೆ ವರ್ಷಗಟ್ಟಲೆ ವಾದಿಸಿದ ಮೇಲೆ 1607ರಲ್ಲಿ ಪೋಪ್ ಐದನೇ ಪೌಲ್ ಯಾರ ಪರವೂ ತೀರ್ಪು ಕೊಡದೆ, ಒಬ್ಬರನ್ನೊಬ್ಬರು ಪಾಷಂಡಿಗಳು ಅಂತ ಕರೆಯಬೇಡಿ ಅಂದುಬಿಟ್ಟರು. ಆದರೆ ಕ್ರಿಸ್ತ ಆರಿಸಿಕೊಂಡವರಿಗೆ ಮಾತ್ರ ಸತ್ತ ಅನ್ನುವುದನ್ನು 1653ರಲ್ಲಿ ರೋಮ್ ಖಂಡಿಸಿತು.

ಈಗ ಸಭೆಗಳಲ್ಲಿ ಇದು ಎದುರಾಗುವುದು ಬಹುತೇಕ ಹೊಸ ಪಾಸ್ಟರನ್ನು ಹುಡುಕುವಾಗ. "ನೀವು ಕ್ಯಾಲ್ವಿನಿಸ್ಟಾ?" ಅಂತ ಕೇಳುತ್ತಾರೆ. ಹೌದು ಅಥವಾ ಅಲ್ಲ ಅನ್ನುವ ಉತ್ತರದಿಂದ ತಿಳಿಯುವುದು ಕಡಿಮೆ. ಡ್ಯಾವೆನೆಂಟ್ ಕೂಡ ಹೌದು ಅನ್ನುತ್ತಿದ್ದರು, ಹೂಕ್ಸೆಮಾ ಕೂಡ ಹೌದು ಅನ್ನುತ್ತಿದ್ದರು. ಸುಮ್ನೆ ಬೋರ್ಡ್ ನೋಡುವ ಬದಲು ಕೇಳಬೇಕಾದದ್ದು ಬೇರೆ ಇದೆ. ಆರಾಧನೆಗೆ ಬಂದ ಯಾರಿಗೆ ಬೇಕಾದರೂ ದೇವರು ನಿಮ್ಮನ್ನು ಪ್ರೀತಿಸುತ್ತಾನೆ ಅಂತ ಹೇಳುತ್ತೀರಾ? ಕೊನೆಯವರೆಗೂ ಒಲ್ಲೆ ಅನ್ನುವವನೂ ಉಳಿಯಲಿ ಅಂತ ದೇವರು ನಿಜವಾಗಿ ಬಯಸುತ್ತಾನಾ? ಮಗುವನ್ನು ಮಣ್ಣು ಮಾಡುವ ದಿನ ಏನು ಹೇಳುತ್ತೀರಿ? ಈ ಮೂರಕ್ಕೆ ಒಂದೇ ಪಂಗಡದ ಇಬ್ಬರು ಪಾಸ್ಟರುಗಳು ಬೇರೆ ಬೇರೆ ಉತ್ತರ ಕೊಡುವುದು ಇವತ್ತಿಗೂ ಸಾಧ್ಯ.